ಬಂದೂಕು ಹೊರಗೆ ಬಿಟ್ಟು ಬನ್ನಿ

ಬ್ಯಾಂಕಿನ ಬಾಗಿಲ ಮೇಲೆ ಒಂದು ಚಿತ್ರ. ಕೆಂಪು ವೃತ್ತ, ಒಳಗೊಂದು ಬಂದೂಕು, ಅದರ ಮೇಲೆ ಅಡ್ಡಗೆರೆ. ನಮ್ಮಲ್ಲಿ ‘ಇಲ್ಲಿ ಧೂಮಪಾನ ಮಾಡಬಾರದು’ ಅಂತ ಅಂಟಿಸಿರ್ತಾರಲ್ಲ, ಥೇಟ್ ಹಾಗೇ.

ನನ್ನ ಜೊತೆಗಿದ್ದ ಹುಬ್ಬಳ್ಳಿಯ ಸಹೋದ್ಯೋಗಿ ಅದನ್ನ ನೋಡಿ ಜೋರಾಗಿ ನಕ್ಕ. “ಏನಪಾ ಇದು, ಇಲ್ಲಿ ಮಂದಿ ಬಂದೂಕ ಹಿಡ್ಕೊಂಡು ರೊಕ್ಕ ತಗಿಯಾಕ ಬರ್ತಾರೇನ?”

ಬರ್ತಾರೆ. ಅದಕ್ಕೇ ಆ ಬೋರ್ಡು. ಅರ್ಧ ಗಂಟೆಯ ಹಿಂದಷ್ಟೇ ರಸ್ತೆಯಲ್ಲಿ ಒಬ್ಬ ಹೆಂಗಸು ಬೆನ್ನಿಗೆ ರೈಫಲ್ ಹಾಕಿಕೊಂಡು ಸೈಕಲ್ ತುಳಿಯುತ್ತಾ ಹೋಗಿದ್ದಳು. ಯಾರೂ ತಿರುಗಿ ನೋಡಲಿಲ್ಲ. ನಾವಿಬ್ಬರೇ ಬಾಯಿ ಬಿಟ್ಟುಕೊಂಡು ನಿಂತಿದ್ದು.

ಊರಿನ ಹೆಸರು ಲಾಂಗ್‌ಇಯರ್‌ಬಿಯನ್. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಸಮೂಹದ ಮುಖ್ಯ ಊರು. ಭೂಪಟದಲ್ಲಿ ನಾರ್ವೆಯ ತುದಿಗೆ ಬೆರಳಿಟ್ಟು, ಅಲ್ಲಿಂದ ಇನ್ನೂ ಮೇಲಕ್ಕೆ, ಉತ್ತರ ಧ್ರುವದ ಕಡೆಗೆ ಸರಿಸಿಕೊಂಡು ಹೋದರೆ 78 ಡಿಗ್ರಿ ಅಕ್ಷಾಂಶದಲ್ಲಿ ಸಿಗುತ್ತದೆ. ಊರಲ್ಲಿ ಸುಮಾರು 2,500 ಜನ. ಇಡೀ ದ್ವೀಪಸಮೂಹ ಸೇರಿದರೂ 3,000 ಮುಟ್ಟುವುದು ಕಷ್ಟ. ನಮ್ಮ ಆಫೀಸಿನ ಎರಡು ಬ್ಲಾಕ್‌ಗಳಲ್ಲಿ ಅದಕ್ಕಿಂತ ಹೆಚ್ಚು ಜನ ಇದ್ದಾರೆ.

ಇಲ್ಲಿ ಬಂದೂಕು ಹೊಸ ವಿಷಯವೇ ಅಲ್ಲ. ನನಗೂ ಹೊಸದಲ್ಲ. ಅದೇ ನನ್ನ ಸಮಸ್ಯೆಯಾಗಿತ್ತು.

ಅಪ್ಪಯ್ಯನ ಫೋನು

ಕಂಪನಿ ನನ್ನನ್ನು ಎರಡು ತಿಂಗಳಿಗೆ ಓಸ್ಲೋಗೆ ಕಳಿಸಿತ್ತು. ಹೊರಡುವ ಹಿಂದಿನ ವಾರ ಊರಿಂದ ಅಪ್ಪಯ್ಯ ಫೋನ್ ಮಾಡಿದ್ದರು. ನಮ್ಮದು ಮಲೆನಾಡು, ಅಡಿಕೆ ತೋಟ. ಬೆಳೆ ರಕ್ಷಣೆಗೆ ಅಂತ ಅಜ್ಜನ ಕಾಲದಿಂದ ಒಂದು ಒಂಟಿ ನಳಿಗೆ ಕೋವಿ ಇದೆ. ಲೈಸೆನ್ಸು ಈಗ ಅಪ್ಪಯ್ಯನ ಹೆಸರಲ್ಲಿದೆ.

“ನಂಗೆ ಎಪ್ಪತ್ತೊಂದಾತು ಮಾರಾಯ. ಕೋವಿ ನಿನ್ನ ಹೆಸರಿಗೆ ಮಾಡ್ಕೋಬೇಕು. ಮುಂದಿನ ಸಲ ಬಂದಾಗ ಆ ಕೆಲಸ ಮುಗಿಸೋಣ.”

ಕಾನೂನಿನಲ್ಲಿ ಅದಕ್ಕೆ ದಾರಿ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಇರುವವರಿಗೆ 70 ವರ್ಷ ತುಂಬಿದ್ದರೆ, ಅಥವಾ ಅವರು 25 ವರ್ಷ ಕೋವಿ ಇಟ್ಟುಕೊಂಡಿದ್ದರೆ, ಬದುಕಿರುವಾಗಲೇ ಅದನ್ನು ವಾರಸುದಾರರಿಗೆ ವರ್ಗಾಯಿಸಲು ಅರ್ಜಿ ಹಾಕಬಹುದು. ಪಡೆದುಕೊಳ್ಳುವವನು ಸುರಕ್ಷತಾ ತರಬೇತಿಯ ಸರ್ಟಿಫಿಕೇಟ್ ತೋರಿಸಬೇಕು. 2019ರ ತಿದ್ದುಪಡಿಯ ನಂತರ ಲೈಸೆನ್ಸನ್ನು ಮೂರು ವರ್ಷಕ್ಕೊಮ್ಮೆ ಅಲ್ಲ, ಐದು ವರ್ಷಕ್ಕೊಮ್ಮೆ ನವೀಕರಿಸಿದರೆ ಸಾಕು. ಇದೆಲ್ಲ ಅಪ್ಪಯ್ಯನಿಗೆ ನನಗಿಂತ ಚೆನ್ನಾಗಿ ಗೊತ್ತು.

“ನೋಡೋಣ ಅಪ್ಪಯ್ಯ, ವಾಪಸ್ ಬಂದ ಮೇಲೆ” ಅಂದೆ. ಬೇಡ ಅನ್ನುವ ಧೈರ್ಯ ಇರಲಿಲ್ಲ. ಯಾಕೆ ಬೇಡ ಅಂತ ಕೇಳಿದರೆ ಇಪ್ಪತ್ತು ವರ್ಷದಿಂದ ಮನೆಯಲ್ಲಿ ಯಾರೂ ಆಡದ ಒಂದು ಮಾತು ಆಡಬೇಕಾಗುತ್ತಿತ್ತು.

ವೀಸಾ ಬೇಡದ ಊರು, ಆದರೂ ವೀಸಾ ಬೇಕು

ಸೆಪ್ಟೆಂಬರ್‌ನ ಮೊದಲ ವಾರ ಒಂದು ಉದ್ದ ವೀಕೆಂಡ್ ಹೊಂದಿಸಿಕೊಂಡು ಇಬ್ಬರೂ ಹೊರಟೆವು. ಓಸ್ಲೋದಿಂದ ನೇರ ವಿಮಾನದಲ್ಲಿ ಸುಮಾರು ಮೂರು ಗಂಟೆ.

ಹೋಗುವ ಆಸೆ ಇರುವವರಿಗೆ ಒಂದು ಮಾತು. ಸ್ವಾಲ್ಬಾರ್ಡ್‌ಗೆ ವೀಸಾ ಬೇಕಿಲ್ಲ ಅಂತ ನೀವು ಎಲ್ಲಾದರೂ ಓದಿರಬಹುದು. ನಿಜ. 1920ರ ಸ್ವಾಲ್ಬಾರ್ಡ್ ಒಪ್ಪಂದದ ಪ್ರಕಾರ ದ್ವೀಪ ನಾರ್ವೆಯದ್ದು, ಆದರೆ ಸಹಿ ಹಾಕಿದ ದೇಶಗಳ ಜನರಿಗೆಲ್ಲ ಅಲ್ಲಿ ಸಮಾನ ಹಕ್ಕು. ಬ್ರಿಟಿಷರ ಕಾಲದಲ್ಲೇ ಭಾರತದ ಹೆಸರೂ ಆ ಒಪ್ಪಂದದಲ್ಲಿ ಸೇರಿದೆ. ಆದರೆ ಅಲ್ಲಿಗೆ ತಲುಪಲು ನಾರ್ವೆ ದಾಟಬೇಕಲ್ಲ? ಸ್ವಾಲ್ಬಾರ್ಡ್ ಷೆಂಗೆನ್ ವಲಯದ ಹೊರಗಿದೆ. ಹಾಗಾಗಿ ಹೋಗಿ ಮತ್ತೆ ನಾರ್ವೆಗೆ ಮರಳಲು ಒಂದಕ್ಕಿಂತ ಹೆಚ್ಚು ಸಲ ಪ್ರವೇಶವಿರುವ ಷೆಂಗೆನ್ ವೀಸಾ ಇರಬೇಕು. ಸಿಂಗಲ್ ಎಂಟ್ರಿ ವೀಸಾದಲ್ಲಿ ಹೋದರೆ ವಾಪಸ್ ಬರುವಾಗ ಸಿಕ್ಕಿಹಾಕಿಕೊಳ್ತೀರಿ.

ಅದೇ ಒಪ್ಪಂದದಲ್ಲಿ ಇನ್ನೊಂದು ಮಾತಿದೆ. ಈ ದ್ವೀಪಗಳನ್ನು ಯುದ್ಧದ ಉದ್ದೇಶಕ್ಕೆ ಯಾವತ್ತೂ ಬಳಸಬಾರದು. ಯುದ್ಧಕ್ಕೆ ಜಾಗವಿಲ್ಲದ ನೆಲ, ಆದರೆ ಬೀದಿಯಲ್ಲಿ ರೈಫಲ್. ತಮಾಷೆ ಅನ್ನಿಸಿತು.

ವಿಮಾನ ನಿಲ್ದಾಣದಲ್ಲಿ ಲಗೇಜ್ ಬರುವ ಬೆಲ್ಟಿನ ನಡುವೆಯೇ ಒಂದು ಹಿಮಕರಡಿ ನಿಂತಿದೆ. ಸತ್ತ ಕರಡಿಗೆ ಹುಲ್ಲು ತುಂಬಿ ನಿಲ್ಲಿಸಿದ ಹಾಗೆ. ಎಲ್ಲರೂ ಅದರ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಾರೆ, ನಾವೂ ತೆಗೆದುಕೊಂಡೆವು. ಹೊರಗೆ ಬಂದರೆ ಮೂರು ಡಿಗ್ರಿ ಚಳಿ, ಮರವೇ ಇಲ್ಲದ ಬೋಳು ಬೆಟ್ಟಗಳು, ಅವುಗಳ ತಲೆಯ ಮೇಲೆ ಆಗಷ್ಟೇ ಬಿದ್ದ ತೆಳು ಹಿಮ. ಮನೆಗಳ ನಡುವೆ ಗಿಡ್ಡ ಕಾಲಿನ ಹಿಮಸಾರಂಗಗಳು ನಮ್ಮೂರ ದನಗಳ ಹಾಗೆ ಮೇಯುತ್ತಿದ್ದವು. ಹೋಟೆಲ್ಲಿಗೆ ಹೋದರೆ ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಇದು ಕಲ್ಲಿದ್ದಲು ಗಣಿಯ ಊರಾಗಿತ್ತು. ಗಣಿಯಿಂದ ಬಂದವರ ಬೂಟಿನ ಕರಿ ಧೂಳು ಮನೆಯೊಳಗೆ ಬರಬಾರದು ಅಂತ ಹುಟ್ಟಿದ ಪದ್ಧತಿ. ಅಮ್ಮನಿಗೆ ಹೇಳಿದರೆ ಖುಷಿಪಟ್ಟಾಳು.

ಕರಡಿಯ ಬೋರ್ಡು

ಊರು ಮುಗಿಯುವ ಕಡೆ ಒಂದು ತ್ರಿಕೋನ ಬೋರ್ಡು ಇದೆ. ಕಪ್ಪು ಹಿನ್ನೆಲೆ, ಬಿಳಿ ಹಿಮಕರಡಿ. ಕೆಳಗೆ ನಾರ್ವೇಜಿಯನ್ ಭಾಷೆಯಲ್ಲಿ, ಇದು ಇಡೀ ಸ್ವಾಲ್ಬಾರ್ಡ್‌ಗೆ ಅನ್ವಯ ಅಂತ ಬರೆದಿದೆ. ಆ ಬೋರ್ಡಿನಿಂದ ಮುಂದೆ ಸುಮ್ಮನೆ ಕೈಬೀಸಿಕೊಂಡು ಹೋಗುವ ಹಾಗಿಲ್ಲ.

ಇಂಟರ್ನೆಟ್ ತುಂಬ ‘ಬಂದೂಕು ಕಡ್ಡಾಯವಾಗಿರುವ ದ್ವೀಪ’ ಅಂತ ವಿಡಿಯೋಗಳಿವೆ. ನಾನೂ ಅದನ್ನೇ ನಂಬಿದ್ದೆ. ಕಾನೂನು ಹೇಳುವುದು ಸ್ವಲ್ಪ ಬೇರೆ. ಜನವಸತಿಯ ಹೊರಗೆ ಹೋಗುವವರ ಹತ್ತಿರ ಕರಡಿಯನ್ನು ಹೆದರಿಸಿ ಓಡಿಸುವ ಸಾಧನ ಇರಲೇಬೇಕು. ಅಂದರೆ ಫ್ಲೇರ್ ಹಾರಿಸುವ ಸಿಗ್ನಲ್ ಪಿಸ್ತೂಲಿನಂಥದ್ದು. ಅದರ ಜೊತೆಗೆ ಬಂದೂಕನ್ನೂ ಒಯ್ಯಿರಿ ಅನ್ನುವುದು ಅಲ್ಲಿನ ಗವರ್ನರ್ ಕಚೇರಿಯ ಸಲಹೆ. ಕಡ್ಡಾಯವಾಗಿರುವುದು ಹೆದರಿಸುವುದು, ಕೊಲ್ಲುವುದಲ್ಲ. ಈ ವ್ಯತ್ಯಾಸ ನನಗೆ ಆಗ ದೊಡ್ಡದಾಗಿ ಕಾಣಲಿಲ್ಲ.

ಗವರ್ನರ್ ಅನ್ನು ಅಲ್ಲಿ ಸಿಸ್ಸೆಲ್‌ಮೆಸ್ಟರ್ ಅನ್ನುತ್ತಾರೆ. ನಮ್ಮ ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ ಇಬ್ಬರೂ ಸೇರಿ ಒಬ್ಬರೇ ಆದ ಹಾಗೆ. ಊರಲ್ಲಿ ರೈಫಲ್ ಬಾಡಿಗೆಗೆ ಕೊಡುವ ಅಂಗಡಿ ಇದೆ ಅಂತ ಕೇಳಿ ನನ್ನ ಸಹೋದ್ಯೋಗಿಗೆ ಆಸೆಯಾಯಿತು. “ಒಂದು ಫೋಟೋ ಆದ್ರೂ ಹೊಡ್ಕೊಳೋಣು ಬಾ.” ಹೋಗಿ ವಿಚಾರಿಸಿದೆವು. ಕೌಂಟರಿನ ಹುಡುಗ ನಗುತ್ತಲೇ ಕೇಳಿದ, “ಗವರ್ನರ್ ಅನುಮತಿ ಪತ್ರ ಇದೆಯಾ?” ಊರಲ್ಲಿ ಬಂದೂಕಿನ ಲೈಸೆನ್ಸ್ ಇಲ್ಲದವರು ಮೊದಲೇ ಗವರ್ನರ್ ಕಚೇರಿಗೆ ಅರ್ಜಿ ಹಾಕಿ ಅನುಮತಿ ಪಡೆದಿರಬೇಕು. ಅದಿಲ್ಲದಿದ್ದರೆ ಎಷ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಹಾಗಾದರೆ ನಮ್ಮಂಥವರು ಬೆಟ್ಟ ಹತ್ತುವುದು ಹೇಗೆ? ಗೈಡ್ ಜೊತೆ ಹೋಗಬೇಕು. ಬಂದೂಕು ಅವರದ್ದು, ಜವಾಬ್ದಾರಿಯೂ ಅವರದ್ದು. ಸುಲಭ.

ಖಾಲಿ ಚೇಂಬರ್

ಮರುದಿನ ಬೆಳಿಗ್ಗೆ ಎಂಟು ಜನರ ಗುಂಪು, ಪ್ಲಾಟೊಬೆರ್ಗೆಟ್ ಅನ್ನುವ ಬೆಟ್ಟಕ್ಕೆ. ಹೆಸರೇ ಹೇಳುವ ಹಾಗೆ ಮೇಲೆ ಚಪ್ಪಟೆ, ಮೇಜಿನ ಥರ. ಗೈಡ್ ಒಬ್ಬಳು ಹುಡುಗಿ, ನಮಗಿಂತ ಚಿಕ್ಕವಳು. ನಾರ್ವೆಯ ದಕ್ಷಿಣದವಳು, ಇಲ್ಲಿ ಬಂದು ನಾಲ್ಕು ವರ್ಷವಂತೆ. ಬೆನ್ನಿಗೆ ರೈಫಲ್, ಸೊಂಟದಲ್ಲಿ ಸಿಗ್ನಲ್ ಪಿಸ್ತೂಲು.

ಊರ ಅಂಚಿನಲ್ಲಿ ನಿಲ್ಲಿಸಿದಳು. ನಮ್ಮನ್ನೆಲ್ಲ ತನ್ನ ಹಿಂದೆ ನಿಲ್ಲಲು ಹೇಳಿ, ರೈಫಲ್ಲಿನ ಬೋಲ್ಟ್ ತೆರೆದು ತೋರಿಸಿದಳು. ಖಾಲಿ. ಊರೊಳಗೆ ಗುಂಡು ತುಂಬಿದ ಬಂದೂಕು ಒಯ್ಯುವ ಹಾಗಿಲ್ಲ, ಖಾಲಿ ಇದೆ ಅಂತ ನೋಡಿದವರಿಗೆ ಗೊತ್ತಾಗಬೇಕು ಅಂದಳು. ಆಮೇಲೆ ಜೇಬಿನಿಂದ ನಾಲ್ಕು ಗುಂಡು ತೆಗೆದು ಒಂದೊಂದಾಗಿ ಎಣಿಸಿ ಮ್ಯಾಗಜೀನಿಗೆ ಹಾಕಿದಳು. ಬೆರಳಿನಿಂದ ಅವನ್ನು ಕೆಳಕ್ಕೆ ಒತ್ತಿ ಹಿಡಿದು ಬೋಲ್ಟ್ ಮುಚ್ಚಿದಳು.

“ಈಗ ಗುಂಡು ಬಂದೂಕಿನಲ್ಲಿದೆ, ಆದರೆ ಚೇಂಬರ್ ಖಾಲಿ. ನಾನು ಎಡವಿ ಬಿದ್ದರೂ ಹಾರುವುದಿಲ್ಲ. ಹಾರಿಸಬೇಕಾದರೆ ಇನ್ನೊಂದು ಸಲ ಬೋಲ್ಟ್ ಎಳೆಯಬೇಕು. ಆ ಒಂದು ಸೆಕೆಂಡು ನನಗೆ ಯೋಚಿಸೋಕೆ ಸಿಗುತ್ತೆ.”

ಆ ಮಾತು ನನ್ನೊಳಗೆ ಎಲ್ಲೋ ತಾಗಿತು. ಸುಮ್ಮನೆ ನಡೆದೆ.

ದಾರಿಯುದ್ದಕ್ಕೂ ಅವಳು ಹೇಳಿದ್ದು ಬಂದೂಕಿನ ಕಥೆಗಳಲ್ಲ. ಪ್ರತಿ ತಿರುವಿನಲ್ಲಿ ನಿಂತು ದುರ್ಬೀನಿನಲ್ಲಿ ನೋಡುತ್ತಿದ್ದಳು. ಮಂಜು ಕವಿದರೆ ವಾಪಸ್ ಹೋಗೋಣ ಅಂತ ಮೊದಲೇ ಹೇಳಿದ್ದಳು. ಕ್ರಮ ಇಷ್ಟು: ಮೊದಲು ಕಣ್ಣು. ಕರಡಿ ನಿಮ್ಮನ್ನು ನೋಡುವ ಮುಂಚೆ ನೀವು ಅದನ್ನು ನೋಡಬೇಕು. ಕಂಡರೆ ದೂರ ಸರಿಯಬೇಕು, ಗುಂಪು ಬಿಡಬಾರದು. ಹತ್ತಿರ ಬರುತ್ತಿದೆ ಅಂದರೆ ಕೂಗಬೇಕು. ಆಮೇಲೆ ಫ್ಲೇರ್, ಅದೂ ಕರಡಿಯ ಮುಂದೆ ಬೀಳುವ ಹಾಗೆ. ಹಿಂದೆ ಬಿದ್ದರೆ ಅದು ನಿಮ್ಮ ಕಡೆಗೇ ಓಡಿ ಬರುತ್ತೆ. ಇಷ್ಟೆಲ್ಲ ಆಗಿ, ಬೇರೆ ದಾರಿಯೇ ಉಳಿಯದಿದ್ದರೆ ರೈಫಲ್.

2025ರಿಂದ ದೂರದ ನಿಯಮ ಇನ್ನೂ ಬಿಗಿಯಾಗಿದೆಯಂತೆ. ಕರಡಿಯಿಂದ ಕನಿಷ್ಠ 300 ಮೀಟರ್ ದೂರ ಇರಬೇಕು. ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್. ಫೋಟೋಗೆ ಅಂತ ಹುಡುಕಿಕೊಂಡು ಹೋಗುವುದು, ಬೆನ್ನಟ್ಟುವುದು ಅಪರಾಧ.

ಸಹೋದ್ಯೋಗಿ ಕೇಳಿಯೇ ಬಿಟ್ಟ. “ನೀವು ಎಷ್ಟು ಸಲ ಗುಂಡು ಹಾರಿಸಿದ್ದೀರಿ?”

“ಪ್ರಾಕ್ಟೀಸ್ ಮಾಡುವ ಜಾಗದಲ್ಲಿ ನೂರಾರು ಸಲ. ಇಲ್ಲಿ ಒಂದು ಸಲವೂ ಇಲ್ಲ” ಅಂದಳು. “ಹಾರಿಸಬೇಕಾಗಿ ಬಂತು ಅಂದರೆ, ಅದಕ್ಕೂ ಮುಂಚೆ ನಾನು ಎಲ್ಲೋ ತಪ್ಪು ಮಾಡಿದ್ದೀನಿ ಅಂತ ಅರ್ಥ.”

ಕರಡಿ ಸತ್ತರೂ ಕೇಸು

ಮೇಲೆ ತಲುಪಿದಾಗ ಗಾಳಿ ನಿಂತಿತ್ತು. ಕೆಳಗೆ ಊರು ಬೆಂಕಿಪೊಟ್ಟಣ ಜೋಡಿಸಿಟ್ಟ ಹಾಗೆ, ಆಚೆ ಸೀಸದ ಬಣ್ಣದ ಸಮುದ್ರದ ಚಾಚು, ಅದರಾಚೆ ಮತ್ತೆ ಬೆಟ್ಟ, ಮತ್ತೆ ಹಿಮ. ಫ್ಲಾಸ್ಕಿನಿಂದ ಬಿಸಿ ಜ್ಯೂಸ್ ಕೊಟ್ಟಳು, ಅಲ್ಲಿ ಅದೇ ಕಾಫಿ. ಎಲ್ಲರೂ ಕೂತು ಮಾತಾಡಿದೆವು.

‘ಜನರಿಗಿಂತ ಕರಡಿ ಹೆಚ್ಚಿರುವ ಊರು’ ಅನ್ನುವುದೂ ಪೂರ್ತಿ ನಿಜವಲ್ಲವಂತೆ. ಸುಮಾರು 3,000 ಅನ್ನುವ ಲೆಕ್ಕ ರಷ್ಯಾದ ಕಡೆಯದ್ದೂ ಸೇರಿ ಇಡೀ ಬ್ಯಾರೆಂಟ್ಸ್ ಸಮುದ್ರ ಪ್ರದೇಶದ್ದು. ಸ್ವಾಲ್ಬಾರ್ಡ್‌ನಲ್ಲೇ ನೆಲೆ ನಿಂತಿರುವುದು ಸುಮಾರು 300. ಒಂದು ಕಾಲದಲ್ಲಿ ಇಲ್ಲಿ ಬೇಟೆಗಾರರು ಮನಸ್ಸಿಗೆ ಬಂದಷ್ಟು ಹೊಡೆದರು. 1973ರಿಂದ ಕರಡಿಗೆ ಪೂರ್ಣ ರಕ್ಷಣೆ. ಆತ್ಮರಕ್ಷಣೆಗೆ ಕೊಂದರೂ ಗವರ್ನರ್ ಕಚೇರಿ ತನಿಖೆ ಮಾಡುತ್ತದೆ. ಎಷ್ಟು ದೂರದಿಂದ ಹೊಡೆದಿರಿ, ಅದಕ್ಕೆ ಮುಂಚೆ ಏನೇನು ಮಾಡಿದಿರಿ, ಆ ಜಾಗಕ್ಕೆ ಯಾಕೆ ಹೋದಿರಿ, ಎಲ್ಲಕ್ಕೂ ಉತ್ತರ ಕೊಡಬೇಕು. ತಪ್ಪು ನಿಮ್ಮದಾದರೆ ದಂಡ.

ಹಾಗಂತ ಅಪಾಯ ಸುಳ್ಳಲ್ಲ. 1971ರಿಂದ 2020ರವರೆಗೆ ಸ್ವಾಲ್ಬಾರ್ಡ್‌ನಲ್ಲಿ ಹಿಮಕರಡಿ ದಾಳಿಗೆ ಆರು ಮಂದಿ ಸತ್ತಿದ್ದಾರೆ. 2020ರ ಆಗಸ್ಟ್‌ನಲ್ಲಿ ಸತ್ತವನು ವಿಮಾನ ನಿಲ್ದಾಣದ ಪಕ್ಕದ ಕ್ಯಾಂಪಿಂಗ್ ಜಾಗದಲ್ಲಿ ಟೆಂಟಿನೊಳಗೆ ಮಲಗಿದ್ದ. ನಾವು ಸೆಲ್ಫಿ ತೆಗೆದುಕೊಂಡ ಕಡೆಯಿಂದ ನಡೆದು ಹೋಗುವಷ್ಟು ಹತ್ತಿರ. 2011ರ ಆಗಸ್ಟ್‌ನ ಘಟನೆ ಇನ್ನೂ ಕಷ್ಟದ್ದು. ಬ್ರಿಟನ್ನಿನ ಹುಡುಗರ ತಂಡ ಹಿಮನದಿಯ ಹತ್ತಿರ ಟೆಂಟ್ ಹಾಕಿತ್ತು. ಸುತ್ತ ಎಚ್ಚರಿಕೆಯ ತಂತಿ ಕಟ್ಟಿದ್ದರು, ರೈಫಲ್ ಕೂಡ ಇತ್ತು. ಕರಡಿ ಬಂದಾಗ ತಂತಿಯ ಫ್ಲೇರ್ ಸಿಡಿಯಲಿಲ್ಲ. ರೈಫಲ್ ಮೊದಲ ಹಲವು ಪ್ರಯತ್ನಗಳಲ್ಲಿ ಹಾರಲೇ ಇಲ್ಲ. 17 ವರ್ಷದ ಹುಡುಗ ಸತ್ತ, ನಾಲ್ವರು ಗಾಯಗೊಂಡರು. ಬಂದೂಕು ಇದೆ ಅನ್ನುವುದೂ ಬಂದೂಕು ಬಳಸಲು ಬರುತ್ತದೆ ಅನ್ನುವುದೂ ಎರಡು ಬೇರೆ ಸಂಗತಿ.

ಅದಕ್ಕೇ ಇಲ್ಲಿನ ವಿಶ್ವವಿದ್ಯಾಲಯ ಕೇಂದ್ರಕ್ಕೆ ಓದಲು ಬರುವವರಿಗೆ ಮೊದಲ ಪಾಠವೇ ಸುರಕ್ಷತೆ, ರೈಫಲ್ ತರಬೇತಿಯೂ ಅದರಲ್ಲಿ ಸೇರಿದೆ. ಇನ್ನೂ ಉತ್ತರಕ್ಕಿರುವ ನ್ಯೂ-ಒಲೆಸುಂಡ್‌ನಲ್ಲಿ ನಮ್ಮ ಭಾರತದ ಸಂಶೋಧನಾ ಕೇಂದ್ರ ‘ಹಿಮಾದ್ರಿ’ 2008ರಿಂದ ಇದೆ. ಆ ಊರಲ್ಲಿ ಮನೆಗಳ ಬಾಗಿಲಿಗೆ ಬೀಗ ಹಾಕುವುದಿಲ್ಲ. ಕರಡಿ ಬಂದರೆ ಯಾರು ಬೇಕಾದರೂ ಹತ್ತಿರದ ಬಾಗಿಲು ತಳ್ಳಿ ಒಳಗೆ ನುಗ್ಗಬಹುದು.

“ಇಷ್ಟೊಂದು ಬಂದೂಕು ಇದ್ದೂ ಮನುಷ್ಯರ ಜಗಳದಲ್ಲಿ ಬಳಕೆ ಆಗಲ್ವಾ?” ಅಂತ ಕೇಳಿದೆ.

ಅವಳು ಆ ಬ್ಯಾಂಕಿನ ಕಥೆ ಹೇಳಿದಳು. 2018ರ ಡಿಸೆಂಬರ್‌ನಲ್ಲಿ ಹೊರಗಿನಿಂದ ಬಂದ ಒಬ್ಬ, ಊರಲ್ಲೇ ಬಾಡಿಗೆಗೆ ಪಡೆದ ರೈಫಲ್ ಹಿಡಿದು ಅದೇ ಬ್ಯಾಂಕಿಗೆ ನುಗ್ಗಿ 70,000 ಕ್ರೋನರ್ ದೋಚಿದ. ಎಲ್ಲಿಗೆ ಓಡುತ್ತಾನೆ? ಊರಿಂದ ಹೊರಗೆ ಹೋಗಲು ರಸ್ತೆಯೇ ಇಲ್ಲ. ಸ್ವಲ್ಪ ಹೊತ್ತಿನಲ್ಲೇ ಸಿಕ್ಕಿಬಿದ್ದ, ಒಂದು ವರ್ಷ ಎರಡು ತಿಂಗಳು ಜೈಲಾಯಿತು. ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ. “ಕೌಂಟರಿನಲ್ಲಿ ಕೂತವರಿಗೆ ಅದು ತಮಾಷೆ ಆಗಿರಲಿಲ್ಲ” ಅಂದಳು.

ಆಮೇಲೆ ಅವಳೇ ಇನ್ನೊಂದು ದ್ವೀಪದ ಹೆಸರು ಹೇಳಿದಳು. ಉಟೋಯ. ಓಸ್ಲೋ ಹತ್ತಿರದ ಪುಟ್ಟ ದ್ವೀಪ. 2011ರ ಜುಲೈ 22ರಂದು ಒಬ್ಬನೇ ಒಬ್ಬ ಅಲ್ಲಿ 69 ಜನರನ್ನು ಕೊಂದ, ಹೆಚ್ಚಿನವರು ಬೇಸಿಗೆ ಶಿಬಿರಕ್ಕೆ ಬಂದ ಹುಡುಗ ಹುಡುಗಿಯರು. ಅದಕ್ಕೂ ಮೊದಲು ಓಸ್ಲೋದಲ್ಲಿ ಬಾಂಬಿಟ್ಟು ಎಂಟು ಜನರನ್ನು ಕೊಂದಿದ್ದ. ಅವನ ಬಂದೂಕುಗಳು ಕಳ್ಳಮಾಲಲ್ಲ, ಲೈಸೆನ್ಸ್ ಪಡೆದೇ ಕೊಂಡದ್ದು. ನಾರ್ವೆ 2018ರಲ್ಲಿ ಹೊಸ ಶಸ್ತ್ರಾಸ್ತ್ರ ಕಾಯ್ದೆ ಮಾಡಿ, 2021ರಲ್ಲಿ ಜಾರಿಗೆ ತಂದು, ಹಲವು ಬಗೆಯ ಅರೆ-ಸ್ವಯಂಚಾಲಿತ ಬಂದೂಕುಗಳನ್ನು ನಿಷೇಧಿಸಿತು. ಬೇಟೆಯ ಸಂಪ್ರದಾಯ ಇರುವ ದೇಶ ಅದು. ಆದರೂ ಹತ್ತು ವರ್ಷ ಚರ್ಚೆ ಮಾಡಿ ಒಪ್ಪಿಕೊಂಡರು.

“ಕಾಗದ ಸರಿ ಇದ್ದ ಮಾತ್ರಕ್ಕೆ ಬಂದೂಕು ಸರಿಯಾದ ಕೈಯಲ್ಲಿದೆ ಅಂತ ಅಲ್ಲ” ಅಂದಳು. ಎದ್ದು ಮತ್ತೊಮ್ಮೆ ದುರ್ಬೀನು ಹಿಡಿದಳು.

ನಾಲ್ಕು ಗುಂಡು

ಇಳಿಯುವಾಗ ಕರಡಿ ಕಾಣಲಿಲ್ಲ. ನಿಜ ಹೇಳಬೇಕೆಂದರೆ ಮೂರು ದಿನದಲ್ಲಿ ಆ ಲಗೇಜ್ ಬೆಲ್ಟಿನದ್ದು ಬಿಟ್ಟು ಒಂದೂ ಕಾಣಲಿಲ್ಲ. ಊರ ಅಂಚಿಗೆ ಬಂದಾಗ ಅವಳು ಬೆಳಿಗ್ಗೆ ನಿಂತ ಜಾಗದಲ್ಲೇ ನಿಂತಳು. ನಮ್ಮನ್ನು ಹಿಂದೆ ನಿಲ್ಲಿಸಿ, ನಳಿಗೆಯನ್ನು ಬೆಟ್ಟದ ಕಡೆಗೆ ತಿರುಗಿಸಿ, ಬೋಲ್ಟ್ ತೆರೆದು ಗುಂಡುಗಳನ್ನು ತೆಗೆದಳು. ಒಂದು, ಎರಡು, ಮೂರು, ನಾಲ್ಕು. ಕಿರುಬೆರಳನ್ನು ಚೇಂಬರಿಗೆ ಹಾಕಿ ಖಾಲಿ ಇದೆಯಾ ಅಂತ ಮುಟ್ಟಿ ನೋಡಿದಳು. ಕಣ್ಣಿಂದ ನೋಡಿದ್ದು ಸಾಲದು ಅನ್ನುವ ಹಾಗೆ.

ಆ ಬೆರಳು ನೋಡಿದಾಗ ನನಗೆ ನಮ್ಮ ಮನೆಯ ಪಡಸಾಲೆ ಕಣ್ಣಮುಂದೆ ಬಂತು.

ನನಗಾಗ ಒಂಬತ್ತು ವರ್ಷ. ಚಿಕ್ಕಪ್ಪನ ಮಗನಿಗೆ ಏಳು. ಬೇಸಿಗೆ ರಜೆ. ರಾತ್ರಿಯೆಲ್ಲ ಕಾಡುಹಂದಿ ಓಡಿಸಲು ತೋಟದಲ್ಲಿದ್ದ ಅಪ್ಪಯ್ಯ ಬೆಳಗಿನ ಜಾವ ಬಂದು, ಕೋವಿಯನ್ನು ಗೋಡೆಗೆ ಒರಗಿಸಿ ಮಲಗಿಬಿಟ್ಟಿದ್ದರು. ಗುಂಡು ಒಳಗೇ ಇತ್ತು. ನಾನು ಎತ್ತಿಕೊಂಡೆ. ತಮ್ಮ ಎದುರಿಗೆ ನಿಂತು ಸಿನಿಮಾದಲ್ಲಿ ಮಾಡುವ ಹಾಗೆ ಎರಡೂ ಕೈ ಮೇಲೆತ್ತಿದ. ಕೋವಿ ನನಗಿಂತ ಭಾರ ಅನ್ನಿಸಿ ನಾನು ಹಿಂದಕ್ಕೆ ವಾಲಿದೆ, ನಳಿಗೆ ಮೇಲಕ್ಕೆ ಹೋಯಿತು, ಬೆರಳು ಎಲ್ಲಿತ್ತೋ ಗೊತ್ತಿಲ್ಲ. ಮಾಡಿನ ಹೆಂಚು ಪುಡಿಪುಡಿಯಾಗಿ ಇಬ್ಬರ ತಲೆಯ ಮೇಲೂ ಬಿತ್ತು. ಕಿವಿ ಎರಡು ದಿನ ಗುಂಯ್‌ಗುಡುತ್ತಿತ್ತು.

ಯಾರಿಗೂ ಏನೂ ಆಗಲಿಲ್ಲ. ಅಪ್ಪಯ್ಯ ನನಗೆ ಹೊಡೆಯಲಿಲ್ಲ, ಬೈಯಲಿಲ್ಲ. ಆ ವಿಷಯ ಮನೆಯಲ್ಲಿ ಮತ್ತೆ ಬರಲೇ ಇಲ್ಲ. ಆ ತಮ್ಮ ಈಗ ಶಿವಮೊಗ್ಗದಲ್ಲಿದ್ದಾನೆ, ಎರಡು ಮಕ್ಕಳು. ಪ್ರತಿ ಸಲ ಆ ಮಕ್ಕಳನ್ನು ಎತ್ತಿಕೊಂಡಾಗ ನಾಲ್ಕು ಇಂಚು ಕೆಳಗೆ ಅಂತ ನೆನಪಾಗುತ್ತದೆ. ನಳಿಗೆ ನಾಲ್ಕು ಇಂಚು ಕೆಳಗಿದ್ದಿದ್ದರೆ...

ಕೋವಿ ಬೇಡ ಅಂತ ಅಪ್ಪಯ್ಯನಿಗೆ ಹೇಳಲಾಗದೆ ಒದ್ದಾಡಿದ್ದು ಇದಕ್ಕೆ.

ಆ ರಾತ್ರಿ ಹೋಟೆಲಿನಲ್ಲಿ ನಿದ್ದೆ ಬರಲಿಲ್ಲ. ಈ ಊರಲ್ಲಿ ಏನು ಬೇರೆ ಅಂತ ಯೋಚಿಸಿದೆ. ನಾವು ಸಾಫ್ಟ್‌ವೇರ್‌ನವರು ಪ್ರೊಡಕ್ಷನ್ ಸರ್ವರಿನ ಆಕ್ಸೆಸ್ ಕೊಡುವ ರೀತಿ ನಿಮಗೆ ಗೊತ್ತಲ್ಲ. ಯಾರಿಗೆ ಬೇಕೋ ಅವರಿಗೆ, ಎಷ್ಟು ಬೇಕೋ ಅಷ್ಟು, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಕೆಲಸ ಮುಗಿದ ಕೂಡಲೇ ವಾಪಸ್. ಟೀಮ್ ಬಿಟ್ಟು ಹೋದವನ ಹೆಸರಲ್ಲಿ ಆಕ್ಸೆಸ್ ಉಳಿದಿದ್ದರೆ ಆಡಿಟ್‌ನಲ್ಲಿ ಬೈಸಿಕೊಳ್ತೀವಿ. ಸ್ವಾಲ್ಬಾರ್ಡ್ ಬಂದೂಕನ್ನು ನೋಡುವುದೂ ಹಾಗೇ. ಬೋರ್ಡು ದಾಟುವಾಗ ತುಂಬಿಸು, ಬೋರ್ಡಿನ ಈಚೆ ಬಂದಾಗ ಖಾಲಿ ಮಾಡು, ಬಾಡಿಗೆಯದ್ದಾದರೆ ಹಿಂದಿರುಗಿಸು. ಅಲ್ಲಿ ಅದು ಗೌರವದ ವಸ್ತುವೂ ಅಲ್ಲ, ಭಯದ ವಸ್ತುವೂ ಅಲ್ಲ. ಗುದ್ದಲಿ, ಹಗ್ಗದ ಥರ ಒಂದು ಸಾಮಾನು, ಆದರೆ ಎಣಿಸಿ ಇಡಬೇಕಾದ ಸಾಮಾನು.

ಬೆಂಗಳೂರಿನ ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿಯಲ್ಲಿರುವ ನನ್ನ ಹೆಸರಿಗೆ ಮಲೆನಾಡಿನ ತೋಟದ ಕೋವಿ ಯಾಕೆ? ನಾನು ಆ ಟೀಮ್ ಬಿಟ್ಟು ಹನ್ನೆರಡು ವರ್ಷವಾಯಿತು.

ಗಾಜಿನ ಹೆಂಚು

ದೀಪಾವಳಿಗೆ ಊರಿಗೆ ಹೋದೆ. ಅಪ್ಪಯ್ಯ ಅರ್ಜಿ ಫಾರಂಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಜೋಡಿಸಿ ಇಟ್ಟಿದ್ದರು. ಊಟ ಮುಗಿಸಿ ಪಡಸಾಲೆಯಲ್ಲಿ ಕೂತಾಗ ಅವರಿಗೆ ಸ್ವಾಲ್ಬಾರ್ಡಿನ ಫೋಟೋ ತೋರಿಸಿದೆ. ಗೈಡ್ ಹುಡುಗಿಯ ರೈಫಲ್ ಅನ್ನು ಜೂಮ್ ಮಾಡಿ ನೋಡಿದರು. ಅವಳು ಕಿರುಬೆರಳು ಹಾಕಿ ನೋಡಿದ್ದನ್ನು ಹೇಳಿದೆ. ಅಪ್ಪಯ್ಯ ತಲೆಯಾಡಿಸಿದರು.

“ನಾನೂ ಹಂಗೇ ನೋಡೂದು. ಅವತ್ತಿಂದ.”

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಮಾತು ಬಂತು. ಅವತ್ತು ಅಂದರೆ ಯಾವತ್ತು ಅಂತ ಇಬ್ಬರಿಗೂ ಗೊತ್ತಿತ್ತು.

ನಾನು ಮೇಲೆ ನೋಡಿದೆ. ಒಡೆದ ಹೆಂಚಿನ ಜಾಗದಲ್ಲಿ ಆಗ ಹಾಕಿಸಿದ ಗಾಜಿನ ಹೆಂಚು ಈಗಲೂ ಇದೆ. ಮಧ್ಯಾಹ್ನದ ಹೊತ್ತು ಅದರಿಂದ ಒಂದು ಚೌಕ ಬೆಳಕು ಪಡಸಾಲೆಯ ನೆಲಕ್ಕೆ ಬೀಳುತ್ತದೆ. ಚಿಕ್ಕವನಿದ್ದಾಗ ಅದು ಬೆಳಕಿಗೆ ಅಂತಲೇ ಹಾಕಿಸಿದ್ದು ಅಂದುಕೊಂಡಿದ್ದೆ.

“ಸಾದಾ ಹೆಂಚೇ ಹಾಕಬೌದಿತ್ತು” ಅಂದರು ಅಪ್ಪಯ್ಯ. “ಹಾಕಿದ್ರೆ ನಂಗೆ ಮರ್ತು ಹೋಗ್ತಿತ್ತು. ತಪ್ಪು ನಿಂದಲ್ಲ ಮಾರಾಯ, ಗುಂಡು ತೆಗೀದೆ ಮಲಗ್ದವ ನಾನು.”

ಏನು ಹೇಳಬೇಕೋ ಗೊತ್ತಾಗಲಿಲ್ಲ. ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತಳು. ಅವಳಿಗೂ ಎಲ್ಲ ಕೇಳಿಸಿತ್ತು.

ಆಮೇಲೆ ಧೈರ್ಯ ಮಾಡಿ ಹೇಳಿದೆ. “ಅಪ್ಪಯ್ಯ, ನನ್ನ ಹೆಸರಿಗೆ ಬೇಡ. ಹೆದರಿಕೆಗಲ್ಲ. ನಾನಿಲ್ಲಿ ಇರಲ್ಲ. ಇಲ್ಲೇ ಇದ್ದು, ರಾತ್ರಿ ತೋಟಕ್ಕೆ ಹೋಗಿ, ಬೆಳಿಗ್ಗೆ ಖಾಲಿ ಮಾಡಿ ಇಡುವವರ ಹತ್ರ ಇರಬೇಕು ಅದು.”

ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಅಜ್ಜನ ಕೋವಿ. ಪ್ರತಿ ಎಲೆಕ್ಷನ್‌ಗೂ ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕು. ಅದೂ ಸರಿಯಾಗಿ ಮಂಗಗಳ ಕಾಟ ಇರುವಾಗಲೇ. ಪ್ರತಿ ಸಲ ಬೈದುಕೊಂಡೇ ಕೊಟ್ಟು, ಪ್ರತಿ ಸಲ ಎಣ್ಣೆ ಹಾಕಿ ಒರೆಸಿ ಮನೆಗೆ ತಂದವರು. ಅದನ್ನು ಬಿಡು ಅನ್ನುವುದು ಸುಲಭದ ಮಾತಲ್ಲ.

“ಮಂಗ ಬಂದ್ರೆ?” ಅಂದರು ಕೊನೆಗೆ. ನನ್ನನ್ನಲ್ಲ, ತಮ್ಮನ್ನೇ ಕೇಳಿಕೊಂಡ ಹಾಗೆ.

“ನೀವು ಯಾವತ್ತು ಮಂಗಕ್ಕೆ ಹೊಡ್ದಿದೀರಿ?” ಅಂದಳು ಅಮ್ಮ. “ಗಾಳೀಲಿ ಒಂದು ಈಡು ಹಾರ್ಸಿ ಓಡ್ಸೋದು. ಅದಕ್ಕೆ ಪಟಾಕಿ ಸಾಲ್ದಾ? ಕೈ ಬೇರೆ ನಡುಗ್ತದೆ ನಿಮ್ದು.”

ಅಪ್ಪಯ್ಯ ತಮ್ಮ ಕೈ ನೋಡಿಕೊಂಡರು. ಹೆದರಿಸುವುದು ಕಡ್ಡಾಯ, ಕೊಲ್ಲುವುದಲ್ಲ ಅನ್ನುವ ಸ್ವಾಲ್ಬಾರ್ಡಿನ ನಿಯಮವನ್ನು ಇವರು ನಲವತ್ತು ವರ್ಷದಿಂದ ಪಾಲಿಸಿಕೊಂಡು ಬಂದಿದ್ದಾರೆ ಅಂತ ನನಗೆ ಆಗ ಹೊಳೆಯಿತು. ಹೇಳಿದೆ. ಸ್ವಲ್ಪ ನಕ್ಕರು.

ಪ್ಲಾಸ್ಟಿಕ್ ಕವರನ್ನು ಮಡಚಿ ಪಕ್ಕಕ್ಕಿಟ್ಟರು.

“ಮುಂದಿನ ಎಲೆಕ್ಷನ್ನಿಗೆ ಹೆಂಗೂ ಠಾಣೆಗೆ ಕೊಡ್ಬೇಕಲ. ಈ ಸಲ ವಾಪಸ್ ತರೂದು ಬ್ಯಾಡ. ಲೈಸೆನ್ಸು ಬಿಟ್ಟುಕೊಡ್ತೀನಿ ಅಂತ ಅರ್ಜಿ ನೀನೇ ಬರಿ. ಚಂದ ಕನ್ನಡದಲ್ಲಿ ಬರಿ, ಅಜ್ಜನ ಹೆಸ್ರು ಹಾಕಿ.”

ಬರೆದಿದ್ದೇನೆ. ಈ ಬರಹಕ್ಕಿಂತ ಅದಕ್ಕೇ ಹೆಚ್ಚು ಹೊತ್ತು ಹಿಡಿಯಿತು.